ಕಾಗೆ ಬಿಡಿಸುವ ಅರ್ಜಿ

ನನಗೆ ಶಿಕ್ಷೆಯಾದ ದಿನ ಕೋರ್ಟಿನ ಪಶ್ಚಿಮದ ಕಿಟಕಿಗೆ ಬಂದು ಕೂತ ಕಾಗೆ ಆಮೇಲೆ ಹತ್ತೊಂಬತ್ತು ವರ್ಷ ನಾಲ್ಕು ತಿಂಗಳು ನನ್ನಿಂದ ಹತ್ತು ಮಾರಿಗಿಂತ ಆಚೆ ಹೋಗಲಿಲ್ಲ. ಅದರ ನಂಬರು ಇನ್ನೂರ ಹದಿನೇಳು. ಗುಮಾಸ್ತ ತೀರ್ಪಿನ ಕೆಳಗೆ ಆ ನಂಬರು ಬರೆದು, "ಬಂತು, ಮುಂದಿನ ಕೇಸು ಕರೀರಿ" ಎಂದ. ನಮ್ಮ ಊರಿನಲ್ಲಿ ಬೇರೆ ಕಾಗೆಗಳಿಲ್ಲ. ಗುಬ್ಬಿ ಇದೆ, ಗೊರವಂಕ ಇದೆ, ಮಾರ್ಕೆಟ್ಟಿನ ಮೇಲೆ ಹದ್ದು ಸುತ್ತುತ್ತದೆ. ಕಾಗೆ ಬರುವುದು ಶಿಕ್ಷೆಯಾದವರ ಹಿಂದೆ ಮಾತ್ರ. ನಾನು ಪ್ರೂಫ್ ನೋಡುವ ದಿನಪತ್ರಿಕೆ ಪ್ರತಿ ಯುಗಾದಿಗೆ ಊರಿನ ಒಟ್ಟು ಕಾಗೆಗಳ ಸಂಖ್ಯೆಯನ್ನು ಪ್ರಕಟಿಸುತ್ತದೆ. ಈ ವರ್ಷ ಅರವತ್ತೊಂದು. ಮೊದಲ ಕರಡಿನಲ್ಲಿ ಅರವತ್ತು ಎಂದಿತ್ತು. ವರದಿಗಾರ ಕಿಟಕಿಯಾಚೆ ಕೂತಿದ್ದ ನನ್ನದನ್ನು ಮರೆತಿದ್ದ. ನಾನೇ ತಿದ್ದಿದೆ.

ನಾನು ಮಾಡಿದ್ದು ಇಷ್ಟು. ಇಪ್ಪತ್ತಾರನೆಯ ವಯಸ್ಸಿನಲ್ಲಿ ನಾನು ಅಕ್ಷರದ ಮೊಳೆ ಜೋಡಿಸುತ್ತಿದ್ದ ಪ್ರೆಸ್ಸಿನಲ್ಲಿ ಸರ್ಕಾರದ ಸೀಮೆಎಣ್ಣೆ ಕೂಪನ್ನುಗಳು ಅಚ್ಚಾಗುತ್ತಿದ್ದವು. ಆ ಬೇಸಿಗೆಯಲ್ಲಿ ನಮ್ಮ ಬೀದಿಯ ಒಂದು ಸ್ಟೌವೂ ಉರಿಯುತ್ತಿರಲಿಲ್ಲ. ಒಂದು ಭಾನುವಾರ ಒಬ್ಬನೇ ಹೋಗಿ ಇನ್ನೂರ ನಲವತ್ತು ಕೂಪನ್ನು ಹೆಚ್ಚಿಗೆ ಅಚ್ಚು ಹಾಕಿದೆ. ಬೀದಿಯವರು ಕೇಳಿದರು, ಕೊಟ್ಟೆ. ಸಿಕ್ಕಿಬಿದ್ದಾಗ ಯಾರು ಯಾರಿಗೆ ಕೊಟ್ಟೆ ಎಂದು ಕೋರ್ಟಿನಲ್ಲಿ ಕೇಳಿದರು. ನೆನಪಿಲ್ಲ ಎಂದೆ. ಆ ಒಂದು ಉತ್ತರಕ್ಕೆ ಆರು ತಿಂಗಳ ಸಜೆ ಒಂಬತ್ತಾಯಿತು. ನನಗೆ ಚೆನ್ನಾಗಿ ನೆನಪಿತ್ತು. ಎದುರು ಮನೆಯ ಚನ್ನಕೇಶವಯ್ಯ ಮೇಷ್ಟ್ರಿಗೆ ಆರು, ಮೂಲೆಮನೆಯ ಸಾವಂತ್ರಮ್ಮನಿಗೆ ನಾಲ್ಕು, ಹೀಗೆ. ಜೈಲಿನಿಂದ ಬಂದ ಮೇಲೆ ಅದೇ ಮನೆಗಳವರು ನನ್ನನ್ನು ಕಾಗೆಯವನು ಎಂದು ಕರೆಯತೊಡಗಿದರು. ಅಪ್ಪ ಅಮ್ಮ ಇಟ್ಟ ಹೆಸರು ಮುಕುಂದ.

ಕಾಗೆಯೊಂದಿಗೆ ಬದುಕುವುದು ಕಷ್ಟವೇನಲ್ಲ, ಕಿರಿಕಿರಿ. ಕ್ಷೌರದ ಅಂಗಡಿಯವನು ನಮ್ಮಂಥವರ ಕಾಗೆ ಕೂರಲೆಂದೇ ಹೊರಗೆ ಒಂದು ಬಿದಿರು ಕಟ್ಟಿದ್ದಾನೆ. ಮದುವೆಗೆ ಕರೆಯುವವರು, "ನಿಮಗೆ ಹಿಂದಿನ ಪಂಕ್ತೀಲಿ ಹಾಕಿಸ್ತೀವಿ, ಬೇಜಾರು ಮಾಡ್ಕೋಬೇಡಿ" ಎಂದು ಮೊದಲೇ ಹೇಳಿಬಿಡುತ್ತಾರೆ. ಆದರೆ ಇದೇ ಜನಕ್ಕೆ ವರ್ಷಕ್ಕೆ ಒಂದೆರಡು ದಿನ ನಾನಿಲ್ಲದೆ ಆಗುವುದಿಲ್ಲ. ಬೇರೆ ಕಾಗೆ ಇಲ್ಲದ ಊರಿನಲ್ಲಿ ತಿಥಿಯ ಪಿಂಡ ಮುಟ್ಟುವವರು ಯಾರು? ಹಿಂದಿನ ಸಂಜೆ ಹಿತ್ತಲ ಬಾಗಿಲಿಗೆ ಬಂದು, "ನಾಳೆ ಹನ್ನೊಂದೂವರೆಗೆ ಸ್ವಲ್ಪ ನಮ್ಮ ಕಡೆ ಬಂದು ಹೋಗ್ತೀರಾ" ಎನ್ನುತ್ತಾರೆ. ಕಾಗೆ ಎಂಬ ಮಾತೇ ಎತ್ತುವುದಿಲ್ಲ. ನಾನು ಹೋಗಿ ಅವರ ಕಾಂಪೌಂಡಿನ ಹೊರಗೆ ಬಿಸಿಲಲ್ಲಿ ನಿಲ್ಲುತ್ತೇನೆ. ಒಳಗೆ ಕರೆಯುವ ಪದ್ಧತಿ ಇಲ್ಲ. ಕಾಗೆ ಗೋಡೆ ಹಾರಿ ಎಡೆ ಮುಟ್ಟುತ್ತದೆ. ಮನೆಯವರು ಅದಕ್ಕೆ ಕೈಮುಗಿಯುತ್ತಾರೆ. ಆಮೇಲೆ ಬಾಳೆಲೆಯಲ್ಲಿ ಸುತ್ತಿದ ಎರಡು ವಡೆ, ಒಂದು ಎಳ್ಳುಂಡೆ ಗೋಡೆಯ ಮೇಲಿನಿಂದ ನನ್ನ ಕೈಗೆ ಬರುತ್ತದೆ.

ನನ್ನ ಕಾಗೆಗೆ ಬೇಡಿಕೆಯೂ ಹೆಚ್ಚು. ಕೆರೆ ಬೀದಿಯಲ್ಲಿ ಹೆಂಡತಿಯನ್ನು ಕೊಂದವನೊಬ್ಬನಿದ್ದಾನೆ. ಅವನ ಕಾಗೆಯನ್ನು ಯಾರೂ ಹತ್ತಿರ ಸೇರಿಸುವುದಿಲ್ಲ. ಬಸ್ ನಿಲ್ದಾಣದ ಹಿಂದಿರುವ ಸರಗಳ್ಳನ ಕಾಗೆ ಪಿಂಡದ ಜೊತೆ ಎಲೆಯನ್ನೂ ಎಳೆದುಕೊಂಡು ಹೋಗುತ್ತದೆಂದು ದೂರು. ಸೀಮೆಎಣ್ಣೆ ಕೂಪನ್ನಿನವನ ಕಾಗೆ ಸಾಧು ಎಂದು ಊರಿಗೆ ಊರೇ ತೀರ್ಮಾನಿಸಿದೆ. ಪರಿಣಾಮವಾಗಿ ನಮ್ಮ ಬೀದಿಯ ಐದು ಮನೆಗಳ ಸತ್ತವರ ತಿಥಿಗಳು ನನಗೆ ಬಾಯಿಪಾಠ.

ಕಾಗೆ ಬಿಡಿಸುವ ಅರ್ಜಿಯನ್ನು ಹತ್ತು ವರ್ಷ ಕಳೆದ ಮೇಲೆ ಹಾಕಬಹುದು. ಅರ್ಜಿ ಮಂಜೂರಾದರೆ ಕಾಗೆ ಹೋಗುತ್ತದೆ, ಕೇಸಿನ ಕಡತಕ್ಕೆ ಅರಗಿನ ಮೊಹರು ಬೀಳುತ್ತದೆ, ಯಾರೂ ಬಿಚ್ಚುವಂತಿಲ್ಲ. ನಾನು ಹಾಕಿರಲಿಲ್ಲ. ಇದ್ದರೆ ಇರಲಿ ಎಂದುಕೊಂಡಿದ್ದೆ. ಹೋದ ವರ್ಷ ಶ್ರಾವಣದಲ್ಲಿ ನನ್ನ ತಂಗಿ ಯಶೋದೆ ತೀರಿಕೊಂಡಳು. ಅವಳ ಗಂಡ ಅದಕ್ಕೂ ಮೊದಲೇ ಹೋಗಿದ್ದ. ಏಳು ವರ್ಷದ ಮಗಳು ನೀಲಾಳನ್ನು ಬಾಲಮಂದಿರಕ್ಕೆ ಕರೆದೊಯ್ದರು. ಕಾಗೆ ಇರುವ ಮನೆಗೆ ಮಗು ಕೊಡುವಂತಿಲ್ಲ, ಅದು ನಿಯಮ. ಕಾಗೆಯವರು ಬಾಲಮಂದಿರದ ಗೇಟನ್ನೂ ದಾಟುವಂತಿಲ್ಲ. ಹಾಗಾಗಿ ಒಂದು ವರ್ಷ ಪ್ರತಿ ಭಾನುವಾರ ನಾನೂ ನನ್ನ ಹೆಂಡತಿ ಭಾಗೀರಥಿಯೂ ಗೇಟಿನ ಈಚೆ ನಿಂತು ನೀಲಾಳ ಜೊತೆ ಮಾತಾಡಿದೆವು. ಭಾಗೀರಥಿಗೆ ಕಾಗೆಯಿಲ್ಲ, ಅವಳು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. "ನಾನು ಒಳಗೆ, ನೀವು ಹೊರಗೆ, ಮಗು ಯಾರನ್ನ ನೋಡಬೇಕು" ಎಂದಳು.

ಈ ಆಷಾಢದಲ್ಲಿ ಬಾಲಮಂದಿರದ ಮೇಲ್ವಿಚಾರಕಿ ವಿಮಲಾಬಾಯಿ ಗೇಟಿನ ಬಳಿ ಬಂದು ದನಿ ತಗ್ಗಿಸಿ ಹೇಳಿದರು. "ಬೇರೆ ಊರಿನಿಂದ ಒಂದು ದಂಪತಿ ಬಂದು ದತ್ತಿಗೆ ಅಂತ ನೀಲಾನ್ನ ನೋಡ್ಕೊಂಡು ಹೋಗಿದ್ದಾರೆ ಅಣ್ಣ. ಬಟ್ಟೆ ಅಂಗಡಿಯೋರು, ಒಳ್ಳೆಯೋರು. ಭಾದ್ರಪದದಲ್ಲಿ, ಹುಣ್ಣಿಮೆಗೆ ಮುಂಚಿನ ಸೋಮವಾರ ಸಮಿತಿ ಸಭೆ. ಅಷ್ಟರೊಳಗೆ ನಿಮ್ಮದೇನಾದರೂ ಇದ್ದರೆ ಮಾಡ್ಕೊಳ್ಳಿ. ನಿಯಮ ನಾನು ಮಾಡಿದ್ದಲ್ಲ."

ಮಾರನೆಯ ದಿನವೇ ಕೋರ್ಟಿಗೆ ಹೋಗಿ ನಮೂನೆ ಹದಿನಾಲ್ಕು ತಂದೆ. ಒಂದೇ ಹಾಳೆ. ಮುಂದುಗಡೆ ಭರ್ತಿ ಮಾಡುವ ಜಾಗ, ಹಿಂದುಗಡೆ ಹನ್ನೊಂದು ನಿಯಮಗಳು ಸಣ್ಣ ಅಕ್ಷರದಲ್ಲಿ. ಆ ಸಣ್ಣ ಅಕ್ಷರ ನನಗೆ ಹಳೆಯ ಪರಿಚಯ. ಪ್ರೆಸ್ಸಿನಲ್ಲಿದ್ದಾಗ ಅದನ್ನು ಜೋಡಿಸಿದ್ದು ನಾನೇ. ಕೋರ್ಟಿನ ಶಿರಸ್ತೇದಾರ ವಾಮನಮೂರ್ತಿ ಬೇಕಾದ ಕಾಗದಗಳನ್ನು ಹೇಳಿದರು: ಪೊಲೀಸರಿಂದ ಒಂದು, ಜೈಲಿನಿಂದ ಒಂದು, ಮತ್ತು ಬೀದಿಯಲ್ಲಿ ಕಾಗೆಯಿಲ್ಲದ ಮನೆಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವರಿಂದ ಅಭ್ಯಂತರವಿಲ್ಲವೆಂದು ಸಹಿ.

ಪೊಲೀಸರು ಕಾಗೆಯ ಎಡಗಾಲಿನ ಗುರುತು ನೋಡಬೇಕೆಂದರು. ಕಾಗೆ ಠಾಣೆಯ ಹೆಂಚಿನಿಂದ ಕೆಳಗಿಳಿಯಲಿಲ್ಲ. ಮೂರು ದಿನ ಹೋಗಿ ಬಂದೆ, ನಾಲ್ಕನೆಯ ದಿನ ಕಾನ್‌ಸ್ಟೇಬಲ್ಲನ ಮಂಡಕ್ಕಿಗೆ ಇಳಿಯಿತು. ಜೈಲಿನವರು ಬೇಗ ಕೊಟ್ಟರು. ಮನೆಗೆ ತಂದು ಓದಿದರೆ ಅದರಲ್ಲಿ ಹೀಗಿತ್ತು: "ಕಾಗೆಯ ನಡತೆ: ತೃಪ್ತಿಕರ. ಕೈದಿಯ ನಡತೆ:" ಆಮೇಲೆ ಖಾಲಿ. ವಾಪಸು ಹೋಗಿ ಕೇಳಿದರೆ, "ಆಗಿನ ರಿಜಿಸ್ಟರಿನಲ್ಲಿ ಕಾಗೆದು ಮಾತ್ರ ಬರೆದಿದ್ದಾರೆ, ನಿಮ್ಮ ಬಗ್ಗೆ ಹೇಳೋದಕ್ಕೆ ಏನೂ ಇರಲಿಲ್ಲ ಅಂತ ಕಾಣುತ್ತೆ" ಎಂದರು. ಒಂದು ಪದ ಬರೆಸಿಕೊಳ್ಳಲು ಇಪ್ಪತ್ತಮೂರು ದಿನ ಹಿಡಿಯಿತು. ಕೊನೆಗೆ ಬರೆದರು, "ಕಾಗೆಯಂತೆಯೇ."

ಇನ್ನು ಉಳಿದದ್ದು ಬೀದಿ. ನನ್ನದು ಬಿಟ್ಟು ಏಳು ಮನೆ. ನಾಲ್ಕು ಸಹಿ ಬೇಕು. ಇದು ಒಂದು ಸಂಜೆಯ ಕೆಲಸ ಎಂದುಕೊಂಡಿದ್ದೆ.

ಮೊದಲೆರಡು ಹಾಗೆಯೇ ಆದವು. ಹಾಸಿಗೆ ಹೊಲಿಯುವ ಬಾಷು ಸಾಬರು ಹತ್ತಿ ಮೆತ್ತಿದ ಕೈಯಲ್ಲೇ ಹಾಳೆ ಕಿತ್ತುಕೊಂಡು ಸಹಿ ಹಾಕಿದರು. "ನಮ್ಮ ಅಬ್ಬಾ ಕಾಗೆ ಕಳಿಸು ಅಂತ ಇನ್ನೂವರೆಗೂ ಕೇಳಿಲ್ಲ ಭಾಯ್" ಎಂದರು. ಹಿಟ್ಟಿನ ಗಿರಣಿಯ ಗುರುಸಿದ್ದಪ್ಪನವರು, "ನಮ್ಮೋರು ಹೋದ್ರು ಅಂದ್ರೆ ಲಿಂಗದಲ್ಲಿ ಐಕ್ಯ ಆದ್ರು. ಊಟದ ಚಿಂತೆ ಇಲ್ಲಿಗೇ ಮುಗೀತದೆ. ಎಲ್ಲಿ ಹಾಕ್ಬೇಕು ಸಹಿ?" ಎಂದರು. ಅವರು ಹಾಗೆ ಹೇಳಿದಾಗಲಾದರೂ ನನಗೆ ಹೊಳೆಯಬೇಕಿತ್ತು, ಮುಂದೆ ಏನು ಕಾದಿದೆ ಎಂದು.

ಸಾವಂತ್ರಮ್ಮ ಹಾಳೆಯನ್ನು ಮುಟ್ಟಲಿಲ್ಲ. "ನೀನು ಚಿನ್ನದಂಥೋನು ಕಣಪ್ಪ. ನಿನ್ ಮ್ಯಾಲೆ ಒಂದ್ ಮಾತಿಲ್ಲ. ಆದ್ರೆ ಮಾಲಯ ಅಮಾಸೆ ದಿನ ನಮ್ಮನೆಯೋರು ಎಡೆ ಮುಟ್ದೆ ಓದ್ರೆ ನನ್ ಕನಸಿಗೆ ಬಂದು ಬೈತಾರೆ. ಬದುಕಿದ್ದಾಗ್ಲೂ ಬೈಸ್ಕಂಡೆ, ಈಗ್ಲೂ ಬೈಸ್ಕೋಬೇಕಾ?"

"ಕೆರೆ ಬೀದಿಯವನನ್ನ ಕರೆಸ್ಕೊಳ್ಳಿ ಅತ್ತೆ. ಅವನದೂ ಕಾಗೇನೇ."

"ಅದು ಕೊಲೆಗಾರನ ಕಾಗೆ. ನಮ್ಮನೆಯೋರು ಒಂದು ಕೋಳಿ ಕುಯ್ದೋರಲ್ಲ. ಮಗೀನ ಇಚಾರ ಕೇಳಿ ಒಟ್ಟೆ ಉರೀತದೆ ಕಣಪ್ಪ. ಅಮಾಸೆ ಕಳ್ಕಂಡು ಬಾ."

ಅಮಾವಾಸ್ಯೆ ಸಭೆಯಾದ ಮೂರನೆಯ ವಾರಕ್ಕೆ. ಅದನ್ನು ಹೇಳಿದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, "ಮೇಷ್ಟ್ರನ್ನ ಕೇಳು, ಅವ್ರು ಏನಂತಾರೋ ಅದು" ಎಂದರು.

ಚನ್ನಕೇಶವಯ್ಯ ಮೇಷ್ಟ್ರಿಗೆ ಎಪ್ಪತ್ತೊಂದು ವರ್ಷ. ನಲವತ್ತು ವರ್ಷ ವ್ಯಾಕರಣ ಕಲಿಸಿದವರು. ಬೀದಿಯ ಅರ್ಜಿ, ಲಗ್ನಪತ್ರಿಕೆ, ಶ್ರದ್ಧಾಂಜಲಿ ಎಲ್ಲವನ್ನೂ ಬರೆದುಕೊಡುವವರು. ಅವರು ಗೇಟಿನ ಒಳಗೆ, ನಾನು ಹೊರಗೆ, ಕಾಗೆ ಗೇಟಿನ ಮೇಲೆ. ಹಾಳೆಯನ್ನು ಪೂರ್ತಿ ಓದಿ, ನನ್ನ ತಂದೆಯ ಹೆಸರಿನ ಮುಂದೆ ಒಂದು ಚುಕ್ಕೆ ಬಿಟ್ಟುಹೋಗಿದೆ ಎಂದು ತೋರಿಸಿದರು. ಆಮೇಲೆ ವಾಪಸು ಕೊಟ್ಟರು.

"ನಿನ್ನ ನಡತೆ ಬಗ್ಗೆ ನನ್ನದೇನೂ ತಕರಾರಿಲ್ಲ ಮುಕುಂದ. ಬೇಕಾದರೆ ಬೇರೆ ಕಾಗದದಲ್ಲಿ ಬರೆದು ಕೊಡ್ತೀನಿ."

"ಬೇರೆ ಕಾಗದ ಬೇಡ ಮೇಷ್ಟ್ರೇ. ಇದರಲ್ಲಿ ಒಂದು ಸಹಿ ಸಾಕು."

"ಸಹಿ ಹಾಕಿದರೆ ಕಾಗೆ ಹೋಗಿಬಿಡುತ್ತಲ್ಲ."

"ಹೋಗಲಿ ಅಂತಲೇ ಅರ್ಜಿ."

"ಅದೇ ತೊಂದರೆ. ನಮ್ಮ ತಂದೆಯವರು ಬದುಕಿದ್ದಾಗಲೇ ಮುಂಗೋಪಿ. ಯಾರ ಮನೇಲೂ ತಟ್ಟೆ ಮುಂದೆ ಕೂರುತ್ತಿರಲಿಲ್ಲ. ಹದಿನಾಲ್ಕು ವರ್ಷದಿಂದ ನಿನ್ನ ಕಾಗೆಗೆ ಒಗ್ಗಿಕೊಂಡಿದ್ದಾರೆ. ಈಗ ಹೊಸದೊಂದನ್ನ ತಂದರೆ ಯಾವ ಮುಖ ಇಟ್ಟುಕೊಂಡು ಹೇಳಲಿ?"

"ಸೋಮವಾರ ಮಗು ಬೇರೆ ಊರಿಗೆ ಹೋಗುತ್ತೆ ಮೇಷ್ಟ್ರೇ."

"ಒಳ್ಳೆ ಮನೆಗೇ ಹೋಗ್ತಿದೆ ಅಂತ ಕೇಳಿದೆ" ಎಂದರು ಮೇಷ್ಟ್ರು. ಅವರ ದನಿಯಲ್ಲಿ ದ್ವೇಷವಿರಲಿಲ್ಲ. ಇದ್ದಿದ್ದರೆ ಉತ್ತರ ಕೊಡುವುದು ಸುಲಭವಾಗುತ್ತಿತ್ತು.

ಉಳಿದ ಮೂರು ಮನೆಯವರೂ ಮೇಷ್ಟ್ರು ಹಾಕಿದರೆ ಹಾಕುತ್ತೇವೆ ಎಂದರು. ಹತ್ತೊಂಬತ್ತು ವರ್ಷ ನನ್ನನ್ನು ಕಾಂಪೌಂಡಿನ ಹೊರಗೆ ನಿಲ್ಲಿಸಿದ್ದು ಕಾಗೆಯ ಕಾರಣಕ್ಕೆ. ಈಗ ಬಿಡುವುದಿಲ್ಲ ಎನ್ನುವುದೂ ಕಾಗೆಯ ಕಾರಣಕ್ಕೆ. ಮನೆಗೆ ಬಂದು ಹೇಳಿದರೆ ಭಾಗೀರಥಿ ಒಲೆಯ ಕಡೆಯಿಂದ ತಿರುಗದೆ, "ಅವರ ಸತ್ತವರಿಗೆ ಹಸಿವು ಜಾಸ್ತಿ, ನಮ್ಮ ಬದುಕಿರೋ ಮಗೂಗೆ ಕಾಯೋ ತಾಕತ್ತು ಜಾಸ್ತಿ ಅಂದ್ಕೊಂಡಿದ್ದಾರೆ" ಎಂದಳು. ಕಾಗೆ ಹಿತ್ತಲ ಹಗ್ಗದ ಮೇಲೆ ಕೂತು ಗರಿ ತಿದ್ದಿಕೊಳ್ಳುತ್ತಿತ್ತು. ಜೀವಮಾನದಲ್ಲಿ ಮೊದಲ ಸಲ ಅದಕ್ಕೆ ಒಂದು ಕಲ್ಲು ಎತ್ತಿಕೊಂಡೆ. ಎಸೆಯಲಿಲ್ಲ. ಅದರ ನಡತೆ ತೃಪ್ತಿಕರ.

ಸಹಿ ಕಡಿಮೆಯಿದ್ದರೂ ಅರ್ಜಿ ವಿಚಾರಣೆಗೆ ಬರುತ್ತದೆ, ಆಕ್ಷೇಪಣೆ ಇದ್ದವರು ಕಾರಣ ಬರೆದು ಕೊಡಬೇಕು, ಜಡ್ಜ್ ಅದನ್ನು ನೋಡಿ ತೀರ್ಮಾನಿಸುತ್ತಾರೆ ಎಂದು ಶಿರಸ್ತೇದಾರ ಹೇಳಿದರು. ವಿಚಾರಣೆ ಸಭೆಗೆ ಮೂರು ದಿನ ಮುಂಚೆ, ಶುಕ್ರವಾರಕ್ಕೆ ಬಿತ್ತು.

ಬುಧವಾರ ಮಧ್ಯಾಹ್ನ ಮೇಷ್ಟ್ರು ನಮ್ಮ ಹಿತ್ತಲ ಬಾಗಿಲಿಗೆ ಬಂದರು. ಕೈಯಲ್ಲಿ ನಾಲ್ಕು ಹಾಳೆ, ಅಂಚು ಬಿಟ್ಟು ಬರೆದ ದುಂಡಕ್ಷರ. "ಕೋರ್ಟಿಗೆ ಹೋಗೋ ಕಾಗದ. ಒಂದು ಸಲ ಕಣ್ಣಾಡಿಸು ಮುಕುಂದ. ಹೊಸ ಜಡ್ಜ್ ಬೇರೆ ಬಂದಿದ್ದಾರೆ. ತಪ್ಪಿದ್ದರೆ ನಗೆಪಾಟಲಾಗುತ್ತೆ."

ಅದು ನನ್ನ ಅರ್ಜಿಯ ವಿರುದ್ಧ ಐದು ಮನೆಯವರ ಆಕ್ಷೇಪಣೆ.

ಭಾಗೀರಥಿ ಬಾಗಿಲಿಗೆ ಬಂದಳು. "ನೇಣಿನ ಹಗ್ಗ ಗಟ್ಟಿಯಾಗಿದೆಯಾ ನೋಡು ಅಂತ ತಂದಿದ್ದೀರಾ ಮೇಷ್ಟ್ರೇ?"

"ಇದು ಬೇರೆ, ಅದು ಬೇರೆ ಕಣಮ್ಮ" ಎಂದರು ಮೇಷ್ಟ್ರು, ನಿಜವಾಗಿಯೂ ಹಾಗೆ ನಂಬಿ. "ಊರಲ್ಲಿ ಇವನಷ್ಟು ಚೆನ್ನಾಗಿ ಪ್ರೂಫ್ ನೋಡೋರು ಯಾರಿದ್ದಾರೆ?"

ಓದಿದೆ. ಕೆಲಸ ಕಲಿತ ಕಣ್ಣು, ಕಾಗದ ಸಿಕ್ಕರೆ ಓದುತ್ತದೆ. ಬರವಣಿಗೆ ಚೆನ್ನಾಗಿತ್ತು. ಸದರಿ ಕಾಗೆಯು ಕಳೆದ ಹದಿನಾಲ್ಕು ವರ್ಷಗಳಿಂದ ನಮ್ಮ ಐದು ಮನೆಗಳಿಗೆ ಕರೆಸಲ್ಪಟ್ಟು ಪಿತೃಕಾರ್ಯಗಳನ್ನು ಲೋಪವಿಲ್ಲದೆ ನೆರವೇರಿಸಿಕೊಟ್ಟಿದೆ ಎಂದು ಶುರುವಾಗಿ, ಯಾವ ಮನೆ, ಯಾವ ತಿಥಿ, ಎಷ್ಟು ಗಂಟೆ ಎಂದು ತೊಂಬತ್ತೆರಡು ಸಂದರ್ಭಗಳ ಪಟ್ಟಿ. ಕೆಳಗೆ ಐದು ಸಹಿ, ಸಾವಂತ್ರಮ್ಮನದು ಹೆಬ್ಬೆಟ್ಟು. ಒಂದು ಕಡೆ ಮೇಷ್ಟ್ರ ತಾಯಿಯ ತಿಥಿ ದಶಮಿ ಎಂದಿತ್ತು. ಅದು ಏಕಾದಶಿ, ನಾನು ಆ ದಿನ ಮಳೆಯಲ್ಲಿ ನಿಂತಿದ್ದೆ ಎಂದು ಹೇಳಿ ತಿದ್ದಿದೆ. ಮೇಷ್ಟ್ರು ತಲೆಯಾಡಿಸಿದರು.

ಆಮೇಲೆ ಪೆನ್ನು ಕೆಳಗಿಟ್ಟೆ. "ಮೇಷ್ಟ್ರೇ, ನಮೂನೆ ಹದಿನಾಲ್ಕರ ಹಿಂದುಗಡೆ ಓದಿದ್ದೀರಾ?"

"ಮುಂದುಗಡೆ ಓದಿದೆನಲ್ಲ."

ಹಾಳೆ ತಂದು ತಿರುಗಿಸಿ ಒಂಬತ್ತನೆಯ ನಿಯಮದ ಮೇಲೆ ಬೆರಳಿಟ್ಟೆ. ಕಾಗೆಯು ನ್ಯಾಯಾಲಯದ ಸ್ವತ್ತು. ಅದನ್ನು ಖಾಸಗಿ ಕಾರ್ಯಕ್ಕೆ ಕರೆಸಿಕೊಳ್ಳುವುದು ಅಪರಾಧ. ಹೊಣೆ ಕರೆಸಿಕೊಂಡವರದು, ಕಾಗೆ ಯಾರನ್ನು ಅನುಸರಿಸುತ್ತದೋ ಅವರದಲ್ಲ. "ಇದನ್ನ ಕೊಟ್ಟರೆ ನೀವು ತೊಂಬತ್ತೆರಡು ಸಲ ತಪ್ಪೊಪ್ಪಿಕೊಂಡ ಹಾಗೆ. ಕೊಡಬೇಡಿ. ಆಕ್ಷೇಪಣೆ ಇದೆ ಅಂತ ಬಾಯಲ್ಲಿ ಹೇಳಿ ಬೇಕಾದರೆ. ಈ ಪಟ್ಟಿ ಬೇಡ."

ಮೇಷ್ಟ್ರು ಕನ್ನಡಕ ತೆಗೆದರು. ಅವರ ಮುಖ ಕೆಂಪಾಯಿತು. "ಹೆದರಿಸ್ತೀಯಾ? ಈ ಊರಲ್ಲಿ ಎಲ್ಲರ ಮನೇಲೂ ನಡೆಯೋದು ಇದೇ. ಜೈಲಿಗೆ ಹೋಗಿ ಬಂದವನು ನನಗೆ ಅಪರಾಧ ಯಾವುದು ಅಂತ ಹೇಳಿಕೊಡ್ತೀಯಾ?" ಅಲ್ಲೇ ಕಟ್ಟೆಯ ಮೇಲೆ ಕೂತು ಕೊನೆಯ ಹಾಳೆಯ ತಳದಲ್ಲಿ ಒಂದು ಸಾಲು ಸೇರಿಸಿದರು: ಅರ್ಜಿದಾರನು ಕಾನೂನಿನ ಹೆಸರಿನಲ್ಲಿ ನಮ್ಮನ್ನು ಬೆದರಿಸಲು ಯತ್ನಿಸಿರುತ್ತಾನೆ. ಬರೆದು, ಹಾಳೆಯನ್ನು ನನ್ನ ಕಡೆಗೆ ತಿರುಗಿಸಿದರು. "ಇದು ಸರಿಯಾಗಿದೆಯಾ ನೋಡು."

ನೋಡಿದೆ. ವಾಕ್ಯ ಸರಿಯಾಗಿತ್ತು. ಸರಿಯಾಗಿದೆ ಎಂದೆ.

ಸಂಜೆ ಉಳಿದ ನಾಲ್ಕು ಮನೆಗಳಿಗೂ ಹೋಗಿ ಗೋಡೆಯಾಚೆಯಿಂದಲೇ ಒಂಬತ್ತನೆಯ ನಿಯಮ ಹೇಳಿದೆ. "ಮೇಷ್ಟ್ರು ಬರ್ದವ್ರೆ, ಅದ್ರಾಗೆ ತೆಪ್ ಇರ್ತದಾ?" ಎಂದರು ಸಾವಂತ್ರಮ್ಮ. ಗುರುವಾರ ಬೆಳಿಗ್ಗೆ ಇನ್ನೊಂದು ಸಲ ಹೋಗಲು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ. ಭಾಗೀರಥಿ ಚಪ್ಪಲಿಯ ಮೇಲೆ ಕಾಲಿಟ್ಟು ನಿಂತಳು. "ಆವತ್ತು ಅವರ ಹೆಸರು ಹೇಳದೆ ಮೂರು ತಿಂಗಳು ಜಾಸ್ತಿ ಕೂತಿರಿ. ನಿನ್ನೆ ಎಚ್ಚರಿಕೆ ಹೇಳಿದ್ದೂ ಆಯ್ತು. ಇನ್ನೊಂದು ಸಲ ಹೇಳೋಕೆ ಹೋದರೆ ನಾನು ಸುಮ್ಮನಿರಲ್ಲ." ಚಪ್ಪಲಿ ಬಿಚ್ಚಿದೆ. ಇದರಲ್ಲಿ ನನ್ನ ಮನಸ್ಸು ಪೂರ್ತಿ ಚೊಕ್ಕಟವಾಗಿತ್ತೆಂದು ಹೇಳುವುದಿಲ್ಲ. ಒಂಬತ್ತನೆಯ ನಿಯಮದಿಂದ ನೀಲಾ ಮನೆಗೆ ಬರಬಹುದೆಂಬ ಲೆಕ್ಕ ಬುಧವಾರವೇ ನನ್ನ ತಲೆಗೆ ಬಂದಿತ್ತು.

ಹೊಸ ಜಡ್ಜ್ ಬೇರೆ ಊರಿನಿಂದ ವರ್ಗವಾಗಿ ಬಂದ ಹೆಂಗಸು. ಆಕ್ಷೇಪಣೆಯ ನಾಲ್ಕು ಹಾಳೆಗಳನ್ನೂ ಆತುರವಿಲ್ಲದೆ ಓದಿದರು. ಮೇಷ್ಟ್ರು ಇಸ್ತ್ರಿ ಮಾಡಿದ ಶಲ್ಯ ಹೊದ್ದು ಮುಂದೆ ನಿಂತಿದ್ದರು, ಹಿಂದೆ ಉಳಿದ ನಾಲ್ವರು.

"ಇದರಲ್ಲಿರೋದೆಲ್ಲ ನಿಜವಾ?" ಎಂದರು ಜಡ್ಜ್.

"ಒಂದಕ್ಷರ ಸುಳ್ಳಿಲ್ಲ ಮೇಡಂ. ತಾರೀಖುಗಳನ್ನ ಅರ್ಜಿದಾರನೇ ತಾಳೆ ನೋಡಿದ್ದಾನೆ."

"ಸಹಿಗಳು ನಿಮ್ಮವೇ? ಯಾರ ಒತ್ತಾಯವೂ ಇಲ್ಲ?"

"ಸ್ವಂತ ಇಚ್ಛೆ" ಎಂದರು ಮೇಷ್ಟ್ರು. ಹಿಂದಿನವರು ತಲೆಯಾಡಿಸಿದರು.

ಜಡ್ಜ್ ಶಿರಸ್ತೇದಾರರ ಕಡೆ ತಿರುಗಿ ಒಂಬತ್ತನೆಯ ನಿಯಮ ಓದಲು ಹೇಳಿದರು. ವಾಮನಮೂರ್ತಿ ಎರಡು ಸಲ ಕೆಮ್ಮಿದರು. ಅವರ ತಾಯಿಯ ತಿಥಿ ಮಾಘ ಬಹುಳ ತದಿಗೆ, ಆ ದಿನ ನಾನು ಅವರ ಗೋಡೆಯ ಹೊರಗೆ ನಿಲ್ಲುತ್ತಿದ್ದೆ. ಅವರ ಮನೆ ಬೇರೆ ಬೀದಿಯಲ್ಲಿರುವುದರಿಂದ ಪಟ್ಟಿಯಲ್ಲಿ ಇರಲಿಲ್ಲ. ಓದುತ್ತ ಓದುತ್ತ ಕಣ್ಣೆತ್ತಿ ನನ್ನನ್ನು ನೋಡಿದರು. ನಾನು ಕಿಟಕಿಯ ಕಡೆ ನೋಡಿದೆ. ಈ ವಿಷಯದಲ್ಲಿ ನನಗೆ ಮರೆವು ಹಳೆಯದು.

ಐವರಿಗೂ ಕೋರ್ಟು ಏಳುವವರೆಗೆ ಸಜೆ. ಅಂದರೆ ಸಂಜೆ ಐದರವರೆಗೆ ಆ ಬೆಂಚಿನ ಮೇಲೆ ಕೂತಿರಬೇಕು, ಅಷ್ಟೇ. ಆಗ ಪಶ್ಚಿಮದ ಕಿಟಕಿಗೆ ಒಂದು ಕಾಗೆ ಬಂತು. ಅದರ ಹಿಂದೆ ಇನ್ನೊಂದು. ಐದೂ ಬಂದು ಸಾಲಾಗಿ ಕೂತವು. ಗುಮಾಸ್ತ ನಂಬರು ಬರೆದುಕೊಂಡ. "ಅದ್ರಾಗೆ ನಂದ್ಯಾವ್ದು ಸಾಮಿ?" ಎಂದು ಸಾವಂತ್ರಮ್ಮ ಕೇಳಿದರು. ಎಡಗಡೆಯಿಂದ ಎರಡನೆಯದು ಎಂದ. ಅವರು ಅದನ್ನು ಬಹಳ ಹೊತ್ತು ನೋಡಿ, "ಮೈ ಕೈ ತುಂಬ್ಕಂಡದೆ" ಎಂದು ಸಮಾಧಾನದಿಂದ ಕೂತರು. ಮೇಷ್ಟ್ರು ಮಾತ್ರ ಕಿಟಕಿಗೆ ಬೆನ್ನು ತಿರುಗಿಸಿದರು.

ನನ್ನ ಅರ್ಜಿಗೆ ಆಮೇಲೆ ಐದು ನಿಮಿಷ. ಬೀದಿಯಲ್ಲಿ ಈಗ ಕಾಗೆಯಿಲ್ಲದ ಮನೆ ಎರಡು. ಎರಡೂ ಮನೆಯ ಸಹಿ ಇತ್ತು. ಗುಮಾಸ್ತ ಇನ್ನೂರ ಹದಿನೇಳು ಎಂದು ಮೂರು ಸಲ ಕೂಗಿದ. ನನ್ನ ಕಾಗೆ ಕಿಟಕಿಯ ಸರಳು ಬಿಟ್ಟು ಎದ್ದು ಹುಣಸೆಮರದ ಮೇಲಿಂದ ಹೋಯಿತು. ಹತ್ತು ಮಾರು ದಾಟಿತು, ಇಪ್ಪತ್ತು ದಾಟಿತು. ತಿರುಗಿ ನೋಡಲಿಲ್ಲ. ಅದಕ್ಕೂ ಸಾಕಾಗಿತ್ತೇನೋ. ಶಿರಸ್ತೇದಾರರು ಕಡತವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಅರಗು ಕಾಯಿಸಿ ಮೊಹರು ಒತ್ತಿದರು. "ಇನ್ನು ಇದನ್ನ ಯಾರೂ ಬಿಚ್ಚೋ ಹಾಗಿಲ್ಲ, ನೀವೂ" ಎಂದು, ದನಿ ತಗ್ಗಿಸಿ, "ಉಪಕಾರವಾಯ್ತು" ಎಂದರು.

ಸೋಮವಾರ ಬಾಲಮಂದಿರದ ಗೇಟಿನ ಮುಂದೆ ಅಭ್ಯಾಸಬಲದಿಂದ ನಿಂತುಬಿಟ್ಟೆ. ವಿಮಲಾಬಾಯಿಯೇ ಬಂದು, "ಒಳಗೆ ಬನ್ನಿ ಅಣ್ಣ" ಎನ್ನಬೇಕಾಯಿತು. ನೀಲಾ ನನ್ನ ತಲೆಯ ಮೇಲೆ, ಬೆನ್ನ ಹಿಂದೆ ಹುಡುಕಿದಳು. "ಕಾಗೆ ಎಲ್ಲಿ ಮಾವ?" ಎಂದಳು. ಅವಳು ನನ್ನನ್ನು ಅದಿಲ್ಲದೆ ಒಮ್ಮೆಯೂ ನೋಡಿರಲಿಲ್ಲ.

ಸಮಿತಿ ನೀಲಾಳನ್ನು ನಮಗೇ ಒಪ್ಪಿಸಿತು. ಮಹಾಲಯ ಅಮಾವಾಸ್ಯೆ ಬಂತು. ಯಶೋದೆಗೆ ಎಡೆ ಇಡಬೇಕು. ಶ್ರಾವಣದಲ್ಲಿ ಅವಳ ವರ್ಷದ ತಿಥಿಗೆ ನನ್ನ ಕಾಗೆಯೇ ಇತ್ತು. ಈಗ ಬೇರೆಯವರ ಕಾಗೆ ಕರೆಸೋಣವೆಂದರೆ ಒಂಬತ್ತನೆಯ ನಿಯಮ ನನಗೂ ಅನ್ವಯ, ಕರೆಸಿಕೊಂಡರೆ ಸಂಜೆಯೊಳಗೆ ಮತ್ತೊಂದು ನಂಬರು. ಬೀದಿಯಲ್ಲಿ ಐದು ಕಾಗೆ ಕೂಗುತ್ತಿದ್ದವು, ಒಂದೂ ನಮ್ಮದಲ್ಲ. ಭಾಗೀರಥಿ ಹಿತ್ತಲ ಗೋಡೆಯ ಮೇಲೆ ಎಲೆ ಹಾಕಿದಳು. ಹನ್ನೊಂದೂವರೆಯಾಯಿತು, ಹನ್ನೆರಡಾಯಿತು. ಗೊರವಂಕವೊಂದು ಬಂದು ನೋಡಿ ಹೋಯಿತು. "ಅಮ್ಮ ಬರಲ್ವಾ?" ಎಂದು ನೀಲಾ ಕೇಳಿದಳು. ಭಾಗೀರಥಿ ನನ್ನನ್ನು ನೋಡಿದಳು.

ಆಗ ಗೋಡೆಯಾಚೆ ಯಾರೋ ಗಂಟಲು ಸರಿಮಾಡಿಕೊಂಡ ಶಬ್ದವಾಯಿತು. ಎದ್ದು ನೋಡಿದೆ. ಮೇಷ್ಟ್ರು ಬಿಸಿಲಲ್ಲಿ, ನಾನು ಯಾವಾಗಲೂ ನಿಲ್ಲುತ್ತಿದ್ದ ಹಾಗೆ, ಗೋಡೆಗೆ ಮೂರಡಿ ದೂರದಲ್ಲಿ ನಿಂತಿದ್ದರು. ಆವತ್ತಿನಿಂದ ಅವರು ಬೀದಿಯಲ್ಲಿ ಯಾರ ಜೊತೆಯೂ ಮಾತಾಡಿರಲಿಲ್ಲ.

"ನೀನು ಕರೆಸಿಲ್ಲ" ಎಂದರು. "ನಾನಾಗಿಯೇ ಈ ಕಡೆ ಬಂದೆ. ಹಿಂದುಗಡೆದು ಹನ್ನೊಂದೂ ಓದಿದ್ದೀನಿ ಈಗ. ಬಂದು ನಿಲ್ಲೋದಕ್ಕೆ ಅಡ್ಡಿಯಿಲ್ಲ."

ಅವರ ಕಾಗೆ ಗೋಡೆಗೆ ಹಾರಿ, ಎಲೆಯ ಸುತ್ತ ಒಂದು ಸಲ ನಡೆದು, ಅನ್ನಕ್ಕೆ ಕೊಕ್ಕು ಹಾಕಿತು. ಭಾಗೀರಥಿ ಕೈಮುಗಿದಳು. ಆಮೇಲೆ ಪದ್ಧತಿಯಂತೆ ಎಲೆಯಲ್ಲಿ ವಡೆ ಸುತ್ತಲು ಹೋದಳು. ನಾನು ತಡೆದೆ. ಹಿತ್ತಲ ಬಾಗಿಲಿನ ಅಗುಳಿ ತೆಗೆದೆ.

"ಕಾಗೇನ ಕರೀತಿಲ್ಲ ಮೇಷ್ಟ್ರೇ. ನಿಮ್ಮನ್ನ ಕರೀತಿದ್ದೀನಿ. ಊಟದ ಹೊತ್ತು, ಒಳಗೆ ಬನ್ನಿ."

ಅವರು ಸ್ವಲ್ಪ ಹೊತ್ತು ಹೊಸಿಲನ್ನೇ ನೋಡಿದರು. ಎಪ್ಪತ್ತೊಂದು ವರ್ಷದವರಿಗೆ ಹೊರಗೆ ನಿಲ್ಲುವ ಅಭ್ಯಾಸ ಮೂರೇ ವಾರದಲ್ಲಿ ಆಗಿಬಿಟ್ಟಿತ್ತು. ಆಮೇಲೆ ಚಪ್ಪಲಿ ಬಿಟ್ಟು ಒಳಗೆ ಬಂದರು.

ನೀಲಾ ಕಾಗೆಯನ್ನೂ ಮೇಷ್ಟ್ರನ್ನೂ ನೋಡಿದಳು. "ಇವರೇನು ಮಾಡಿದ್ರು ಮಾವ?"

"ಮೊದಲು ಅಜ್ಜನಿಗೆ ಚಾಪೆ ಹಾಕು ಹೋಗು" ಎಂದೆ.

ಹಾಕಿದಳು. ಮೇಷ್ಟ್ರು ಕೂರಲಿಲ್ಲ. ಬಗ್ಗಿ ನೋಡಿ, "ತಿರುವಿ ಹಾಕಿದ್ದೀಯಲ್ಲ ಮಗು, ಬಣ್ಣದ ಕಡೆ ಮೇಲೆ ಬರಬೇಕು" ಎಂದರು. ನೀಲಾ ಚಾಪೆ ಎತ್ತಿ ಮಗುಚಿ ಹಾಕಿದಳು. ಅವರು ಕೂತರು.